ಉಪ್ಪು ನೋಡದ ಅಡುಗೆ

ನಮ್ಮ ಅವ್ವನ ಸಾರಿಗೆ ಒಂದು ದಿನ ಉಪ್ಪು ಹೆಚ್ಚು, ಒಂದು ದಿನ ಕಡಿಮೆ. ಸರಿಯಾಗಿದ್ದ ದಿನ ನನಗೆ ನೆನಪಿಲ್ಲ. ಇದಕ್ಕೆ ಅವ್ವನ ಕೈಯನ್ನು ದೂರುವ ಹಾಗಿಲ್ಲ. ನಾಯಂಡಹಳ್ಳಿಯ ನಮ್ಮ ಮನೆಯಲ್ಲಿ ಒಲೆಯ ಮೇಲಿದ್ದದ್ದನ್ನು ಯಾರೂ ರುಚಿ ನೋಡುವಂತಿರಲಿಲ್ಲ. ಮೊದಲ ಊಟ ದೊಡ್ಡಮ್ಮನದು. ದೊಡ್ಡಮ್ಮ ಎಂದರೆ ಅವ್ವನ ಅಕ್ಕನಲ್ಲ, ಅಪ್ಪನ ಅತ್ತಿಗೆಯೂ ಅಲ್ಲ. ಕೆರೆ ಕೋಡಿಯ ಪಕ್ಕದ ಗುಡಿಯಲ್ಲಿದ್ದ ಕೋಡಿಯಮ್ಮನ ಉತ್ಸವಮೂರ್ತಿ ಅವಳು. ಮೊಳದುದ್ದವೂ ಇಲ್ಲದ ಪಂಚಲೋಹದ ದೇವಿ. ಗುಡಿಯೊಳಗೆ ಕಲ್ಲಿನ ಅಮ್ಮ ನೆಲೆಯಾಗಿದ್ದಳು, ಆದರೆ ಗುಡಿಯ ಬಾಗಿಲು ಗೆದ್ದಲು ತಿಂದು ಯಾವ ಕಾಲವಾಗಿತ್ತೋ. ಬಾಗಿಲಿಲ್ಲದ ಕಡೆ ಲೋಹದ ಅಮ್ಮನನ್ನು ಬಿಡುವುದು ಹೇಗೆಂದು, ನನ್ನ ಅಜ್ಜಿಯ ಅತ್ತೆಯ ಕಾಲದಲ್ಲೇ ಅವಳನ್ನು ಪೂಜಾರಿ ಮನೆಗೆ ತಂದಿಟ್ಟುಕೊಂಡಿದ್ದರು. ಪೂಜಾರಿ ಮನೆ ನಮ್ಮದು. ಹಾಗೆ ಬಂದವಳು ಮನೆಯವಳೇ ಆದಳು. ಸ್ಕೂಲಿನಲ್ಲಿ ಮೇಷ್ಟ್ರು ಮನೇಲಿ ಯಾರ್ಯಾರಿದ್ದೀರಿ ಎಂದು ಕೇಳಿದಾಗ ಅಪ್ಪ, ಅವ್ವ, ಅಜ್ಜಿ, ತಮ್ಮ, ದೊಡ್ಡಮ್ಮ ಎಂದು ನಾನು ಹೇಳಿದ್ದೆ. ಸುಳ್ಳು ಹೇಳಿದೆನೆಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ.

ಮನೆ ದೊಡ್ಡದೇನಲ್ಲ. ಬೀದಿಗೆ ಜಗಲಿ, ದಾಟಿದರೆ ನಡುಮನೆ, ಅದರ ಎಡಕ್ಕೆ ಅಡುಗೆಮನೆ, ಅಡುಗೆಮನೆಗೂ ರಾಗಿ ತುಂಬುತ್ತಿದ್ದ ನೆಲದೊಳಗಿನ ಹಗೇವು ಮುಚ್ಚಿಸಿ ಮಾಡಿದ್ದ ಉಗ್ರಾಣಕ್ಕೂ ನಡುವೆ ಒಂದು ಕತ್ತಲ ಕೋಣೆ. ಕೋಣೆಗೆ ಬಾಗಿಲಿಲ್ಲ, ಅಜ್ಜಿಯ ಹಳೆಯ ಕೆಂಪು ಸೀರೆಯ ತೆರೆ. ಅದರ ಹಿಂದೆ ಹಲಸಿನ ಮಣೆ, ಮಣೆಯ ಮೇಲೆ ದೊಡ್ಡಮ್ಮ. ಮಂಗಳವಾರ ಶುಕ್ರವಾರ ಅವಳಿಗೆ ಸ್ನಾನ, ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಕತ್ತಲಲ್ಲೂ ಮುಖ ಬೆಳಗುತ್ತಿತ್ತು. ಮಾಂಸ ಮಾಡುವ ಒಲೆ ಹಿತ್ತಲಲ್ಲಿ ಬೇರೆ ಇತ್ತು. ಆ ದಿನ ಕೂಡ ಒಳಗೆ ಅವಳಿಗೆ ಪ್ರತ್ಯೇಕ ಅಡುಗೆ. ಅವಳಿಗೇನು ಪಂಚಭಕ್ಷ್ಯವಿಲ್ಲ. ನಾವು ತಿನ್ನುವ ರಾಗಿಮುದ್ದೆ, ಸೊಪ್ಪಿನ ಬಸ್ಸಾರು, ಮೇಲೊಂದು ಹಸಿ ಈರುಳ್ಳಿ. ಅವ್ವ ಬಡಿಸಿ ಕೊಟ್ಟ ಕಂಚಿನ ತಟ್ಟೆಯನ್ನು ಅಜ್ಜಿ ಒಳಗೆ ಒಯ್ದು, ತೆರೆ ಎಳೆದು, ಗಂಟೆ ಬಾರಿಸಿ ಎಡೆ ಇಟ್ಟು ಹೊರಗೆ ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದಳು. ಹಸಿದವರು ಉಣ್ಣಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಅವಸರ ಮಾಡುವಂತಿಲ್ಲ.

ಆಮೇಲೆ ಆ ತಟ್ಟೆ ಅಜ್ಜಿಯದು. ಅಪ್ಪ ಚಿಕ್ಕವನಿದ್ದಾಗ ಊರಿಗೆ ಸಿಡುಬು ಬಂದು ಮನೆಮನೆಯಲ್ಲೂ ಮಕ್ಕಳು ಹೋದವಂತೆ. ಅಪ್ಪನನ್ನೂ ಬೇವಿನ ಸೊಪ್ಪಿನ ಮೇಲೆ ಮಲಗಿಸಿ ಎಲ್ಲರೂ ಕೈಬಿಟ್ಟಿದ್ದಾಗ ಅಜ್ಜಿ ದೊಡ್ಡಮ್ಮನ ಮುಂದೆ ಕೂತು, ಇವನೊಬ್ಬನನ್ನು ಉಳಿಸಿಕೊಡು, ನಾನಿರುವವರೆಗೂ ನೀನುಂಡು ಬಿಟ್ಟದ್ದನ್ನಲ್ಲದೆ ಒಲೆಯ ಮೇಲೆ ಬೆಂದದ್ದೇನನ್ನೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಳು. ಅಪ್ಪ ಉಳಿದ. ಮುಖದ ತುಂಬ ಕಲೆಗಳನ್ನು ಇಟ್ಟುಕೊಂಡು ಬೆಳೆದು, ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ, ಬೆಳಿಗ್ಗೆ ಗುಡಿಯ ಪೂಜೆ ಮುಗಿಸಿ ಸೈಕಲ್ಲು ತುಳಿದುಕೊಂಡು ಶಿಫ್ಟಿಗೆ ಹೋಗುವವನಾದ. ಅಜ್ಜಿ ಕೊಟ್ಟ ಮಾತಿನಲ್ಲೇ ಇದ್ದಳು. ನೆಂಟರ ಮದುವೆಗೆ ಹೋದರೆ ಬಾಳೆಹಣ್ಣು ತಿಂದು ಕಾಯಿಸದ ಹಾಲು ಕುಡಿದು ಬರುತ್ತಿದ್ದಳು. ಕರೆದವರಿಗೆ ಸಿಟ್ಟು, ಅವಳಿಗೆ ಲೆಕ್ಕಕ್ಕಿಲ್ಲ.

ಅಜ್ಜಿ ತಟ್ಟೆಯ ಮುಂದೆ ಕೂತು ಮೊದಲು ಬೆರಳನ್ನು ಸಾರಿಗೆ ಅದ್ದಿ ನಾಲಿಗೆಗೆ ಮುಟ್ಟಿಸುತ್ತಿದ್ದಳು. ಅಲ್ಲಿಯವರೆಗೆ ಅಡುಗೆ ಮಾಡಿದ ಅವ್ವನಿಗೂ ಅದರ ರುಚಿ ಗೊತ್ತಿಲ್ಲ. ಬಾಪೂಜಿ ನಗರದ ಕಡೆಯಿಂದ ಬಂದ ಸೊಸೆ ಅವಳು; ತವರಿನಲ್ಲಿ ಅಂಗೈಗೆ ಸಾರು ಬಿಟ್ಟುಕೊಂಡು ನೆಕ್ಕಿ ನೋಡಿ ಕಲಿತ ಅಡುಗೆ. ಇಲ್ಲಿ ಕಲ್ಲುಪ್ಪನ್ನು ಹಿಡಿಯಲ್ಲಿ ಹಿಡಿದು ಕಣ್ಣು ಮುಚ್ಚಿ ಹಾಕಬೇಕು. ಹಾಗಾಗಿ ದಿನವೂ ನಾವೆಲ್ಲ ಅಜ್ಜಿಯ ಮುಖ ನೋಡಿಕೊಂಡು ಕಾಯುತ್ತಿದ್ದೆವು.

"ಇವತ್ತು ದೊಡ್ಡಮ್ಮ ನೀರು ಕೇಳ್ತಾಳೆ" ಎಂದರೆ ಉಪ್ಪು ಜಾಸ್ತಿ.

"ಇವತ್ತು ದೊಡ್ಡಮ್ಮ ಸಪ್ಪಗವ್ಳೆ" ಎಂದರೆ ಕಡಿಮೆ.

ಅವ್ವನಿಗೆ ಇದು ಮೈಯೆಲ್ಲ ಉರಿಸುತ್ತಿತ್ತು. ಅವರಿಬ್ಬರ ಜಗಳಗಳಲ್ಲಿ ಮುಕ್ಕಾಲು ಪಾಲು ಈ ತಟ್ಟೆಯ ಸುತ್ತಲೇ. ತಮ್ಮ ಇನ್ನೂ ಅಂಬೆಗಾಲಿಡುತ್ತಿದ್ದ. ಹಸಿವೆಂದು ರಚ್ಚೆ ಹಿಡಿದರೆ ಅವ್ವ ಪಾತ್ರೆಗಳನ್ನು ಕುಕ್ಕುತ್ತಿದ್ದಳು.

"ನಿಮ್ಮ ದೊಡ್ಡಮ್ಮಂಗೆ ಒಂದು ಗಳಿಗೆ ತಡ ಆದ್ರೆ ಏನೂ ಆಗಕಿಲ್ಲ ಅತ್ತೆ. ನನ್ನ ಮಗ ಬಾಯಿ ಒಣಗಿಸ್ಕೊಂಡು ಕೂತವ್ನೆ."

"ಅವ್ಳು ಉಣ್ಣದಿದ್ರೆ ನಿನ್ನ ಗಂಡ ಎಲ್ಲಿದ್ನೇ? ಗಂಡ ಇಲ್ದಿದ್ರೆ ಮಗ ಎಲ್ಲಿದ್ದ?"

ಅವ್ವ ಮೂತಿ ತಿರುಗಿಸಿಕೊಂಡು ಸೌದೆ ಮುಂದೆ ತಳ್ಳುತ್ತಿದ್ದಳು. ಅತ್ತೆಯನ್ನು ಗೆಲ್ಲಬಹುದು, ಒಳಗೆ ಕೂತವಳನ್ನು ಗೆಲ್ಲುವುದು ಹೇಗೆ?

ಗುಡಿ ಮುಜರಾಯಿಗೆ ಸೇರಿದ್ದು ಎಂಬುದು ನಮಗೆ ಗೊತ್ತಿತ್ತು. ಚಂದ್ರನ ಮೇಲೆ ಜನ ಇಳಿದದ್ದು ಗೊತ್ತಿದ್ದಷ್ಟೇ ಅದೂ ಗೊತ್ತಿತ್ತು. ನಮ್ಮ ಮನೆಯ ನಡುಮನೆಗೆ ಅದರಿಂದ ಏನೂ ಆಗಿರಲಿಲ್ಲ. ಆ ವರ್ಷ ಮಳೆಗೆ ಗುಡಿಯ ಸೂರು ಒಂದು ಕಡೆ ಕುಸಿಯಿತು. ಮೈಸೂರು ರಸ್ತೆಯ ಆಚೆ ಯಾವುದೋ ಊರಿನಲ್ಲಿ ವಿಗ್ರಹ ಕಳ್ಳತನವಾಗಿ ಎಲ್ಲರ ಬಾಯಲ್ಲೂ ಅದೇ ಮಾತು. ಅಪ್ಪ ತಾಲ್ಲೂಕು ಕಚೇರಿಗೆ ಹೋಗಿ, ಗುಡಿಗೆ ಸೂರು ಹಾಕಿಸಿಕೊಡಿ, ಒಂದು ಬಾಗಿಲು ಇಡಿಸಿಕೊಡಿ ಎಂದು ಕೇಳಿಕೊಂಡು ಬಂದ. ಕೇಳುವಾಗ ಅವನಿಗೆ ಸ್ವಲ್ಪ ಹೆಮ್ಮೆಯೇ ಇತ್ತು. ಕಾರ್ಖಾನೆಯಲ್ಲಿ ಯೂನಿಯನ್ನಿನ ಗಾಳಿ ಬೀಸುತ್ತಿದ್ದ ಕಾಲ, ಕೇಳಿದರೆ ಸಿಗುತ್ತದೆ ಎಂಬ ಧೈರ್ಯ ಅಪ್ಪನಿಗೆ ಹೊಸದಾಗಿ ಬಂದಿತ್ತು.

ಗುಡಿ ನೋಡಲು ಶೇಕ್ದಾರರು ಬಂದರು. ತಾಲ್ಲೂಕು ಕಚೇರಿಯ ಅಧಿಕಾರಿಯೆಂದರೆ ದರ್ಪದ ಮನುಷ್ಯ ಎಂದು ಕಾದಿದ್ದ ನಮಗೆ ಅವರನ್ನು ನೋಡಿ ಆಶ್ಚರ್ಯ. ತೆಳ್ಳಗಿನ ಮೈ, ಬಿಳಿ ಅಂಗಿ, ಹಣೆಯಲ್ಲಿ ಕುಂಕುಮ. ಗುಡಿಗೆ ಇನ್ನೂ ದೂರವಿದ್ದಂತೆಯೇ ಚಪ್ಪಲಿ ಬಿಟ್ಟು, ಬೀದಿ ನಲ್ಲಿಯಲ್ಲಿ ಕಾಲು ತೊಳೆದು ಒಳಗೆ ಹೋದರು. ಕುಸಿದ ಸೂರನ್ನು ನೋಡಿ ಲೊಚಗುಟ್ಟಿದರು. ಬಾಗಿಲಿಲ್ಲದ ಚೌಕಟ್ಟನ್ನು ಮುಟ್ಟಿ ನೋಡಿದರು. ಅಷ್ಟು ಹೊತ್ತಿಗೆ ಊಟದ ಸಮಯ. ಬಿಸಿಲಲ್ಲಿ ಬಂದವರನ್ನು ಹಾಗೇ ಕಳಿಸುವ ಮನೆ ನಮ್ಮದಲ್ಲ. ಅಜ್ಜಿಯೇ ಜಗಲಿಯಿಂದ ಕೂಗಿ ಕರೆದಳು. ಅವರು ಬೇಡವೆಂದರು, ಅಪ್ಪ ಬಿಡಲಿಲ್ಲ, ಬಂದು ಚಾಪೆಯ ಮೇಲೆ ಕೂತರು.

ಮುದ್ದೆಯ ಘಮ ಬರುತ್ತಿತ್ತು, ತಟ್ಟೆ ಬರುತ್ತಿರಲಿಲ್ಲ. ಅವರು ಒಂದೆರಡು ಸಲ ಗಡಿಯಾರ ನೋಡಿಕೊಂಡರು. ಅಪ್ಪ ಇರುಸುಮುರುಸಾಗಿ ಅಡುಗೆಮನೆಯ ಕಡೆ ನೋಡಿದ. ಅವ್ವ ಬಾಗಿಲಲ್ಲಿ ನಿಂತು ಅಜ್ಜಿಗೆ ಕಣ್ಣಿನಲ್ಲೇ ಹೇಳಿದಳು, ಇವತ್ತೊಂದು ದಿನ ಮೊದಲು ಬಡಿಸಿಬಿಡೋಣ ಎಂದು. ಅಜ್ಜಿಗೆ ಅದು ಕಾಣಿಸಲೇ ಇಲ್ಲ.

"ಒಸಿ ತಡೀರಿ ಸ್ವಾಮಿ. ದೊಡ್ಡಮ್ಮಂದಾಗ್ಲಿ, ಆಮೇಲೆ ನಿಮ್ದು."

"ಹೌದಾ, ಹಿರಿಯರು ಊಟ ಮಾಡ್ಲಿ ಬಿಡಿ. ಯಾರು ಅವ್ರು, ನಿಮ್ಮ ಅಕ್ಕನವರಾ?"

ಅಜ್ಜಿ ನಕ್ಕಳು. ಅವಳ ಆ ನಗೆಯನ್ನು ನಾನು ಮರೆಯಲಾರೆ. ಮೊಮ್ಮಗುವನ್ನು ತೋರಿಸುವವರ ಹಿಗ್ಗು ಅದರಲ್ಲಿತ್ತು. ಎದ್ದು ಹೋಗಿ ಕೆಂಪು ತೆರೆ ಸರಿಸಿದಳು. ಅದು ಶುಕ್ರವಾರ, ಮಿಂದು ಹೂ ಮುಡಿದು ಮುಂದೆ ಹಬೆಯಾಡುವ ತಟ್ಟೆ ಇಟ್ಟುಕೊಂಡು ಕೂತಿದ್ದಳು ದೊಡ್ಡಮ್ಮ. ಶೇಕ್ದಾರರು ಎದ್ದು ನಿಂತರು. ಕೈ ಮುಗಿದರು. ಆಮೇಲೆ ನಡುಮನೆಯ ಸಗಣಿ ಸಾರಿಸಿದ ನೆಲದ ಮೇಲೆ ಉದ್ದಕ್ಕೆ ಅಡ್ಡಬಿದ್ದರು. ಎದ್ದಾಗ ಅವರ ಕಣ್ಣು ಒದ್ದೆಯಾಗಿತ್ತು. ಇದನ್ನು ನಾನು ಸೇರಿಸಿ ಹೇಳುತ್ತಿಲ್ಲ, ನಾನೇ ನೋಡಿದ್ದೇನೆ. ಎರಡು ಮುದ್ದೆ ಉಂಡರು. ಅವತ್ತು ಉಪ್ಪು ಕಡಿಮೆಯಿತ್ತು, ಕೇಳದೆ ಉಂಡರು. ಕೈ ತೊಳೆಯುವಾಗ ನೀರು ಹಾಕುತ್ತಿದ್ದ ಅಪ್ಪನಿಗೆ ಮೆತ್ತಗೆ ಹೇಳಿದರು.

"ಚಿಕ್ಕಣ್ಣ, ಇದು ಗುಡಿ ಸ್ವತ್ತಲ್ವೇನ್ರಿ? ನಿಮ್ಮನೇಲಿ ಇದ್ರೆ ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮ ಕೈಗೇ ಕೋಳ. ನಾನು ನೋಡಿಬಿಟ್ಟೆ. ನೋಡಿಲ್ಲ ಅಂತ ಬರೆಯೋಕಾಗಲ್ಲ."

ಅಪ್ಪನ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು.

ಊರಲ್ಲಿ ಮಾತು ಎದ್ದಿತು. ಅಮ್ಮನನ್ನು ಕೊಡಬಾರದು ಎಂದು ಕೆಲವರು. ಕಾಲ ಕೆಟ್ಟಿದೆ, ಸರ್ಕಾರದ ಖಜಾನೆಯಲ್ಲಿದ್ದರೆ ಭದ್ರ ಎಂದು ಕೆಲವರು. ಪೂಜಾರಿ ಮನೆಯವರು ಊರ ದೇವರನ್ನು ಮನೆ ದೇವರು ಮಾಡಿಕೊಂಡಿದ್ದಾರೆ ಎಂದು ಆಡಿಕೊಂಡವರೂ ಇದ್ದರು. ಅವರ ಮಾತು ಪೂರ್ತಿ ಸುಳ್ಳಲ್ಲ. ಆಚೆಕೇರಿಯ ಮುನಿಯಮ್ಮ ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದವಳು. ನಮ್ಮ ಜಗಲಿಯಿಂದ ಈಚೆಗೆ ಅವಳ ಕಾಲು ಎಂದೂ ಬಂದಿರಲಿಲ್ಲ, ಬರಲು ಅಜ್ಜಿ ಬಿಟ್ಟಿರಲಿಲ್ಲ. ಅಜ್ಜಿ ಅವಳೆದುರು ಕಣ್ಣೀರು ಹಾಕಿಕೊಂಡು ದೊಡ್ಡಮ್ಮನನ್ನು ಒಯ್ಯುತ್ತಾರಂತೆ ಎಂದಾಗ ಮುನಿಯಮ್ಮ ಅಂಗಳದಲ್ಲೇ ನಿಂತು ಹೇಳಿದಳು.

"ಅಳಬ್ಯಾಡಿ ಅಜ್ಜೀರೆ. ನಮ್ಮ ಕಣ್ಣಿಗಂತೂ ಆ ಅಮ್ಮ ನಿಮ್ಮನೇಲಿದ್ರೂ ಒಂದೇಯ, ಖಜಾನೇಲಿದ್ರೂ ಒಂದೇಯ."

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಆ ಮಾತು ಅವಳಿಗೆ ಎಷ್ಟು ಒಳಗೆ ಇಳಿಯಿತೋ ನನಗೆ ಗೊತ್ತಿಲ್ಲ. ನನಗೆ ಇಳಿಯಲು ಬಹಳ ವರ್ಷ ಬೇಕಾಯಿತು.

ಜೀಪು ಬಂದ ದಿನ ಬೀದಿ ತುಂಬ ಜನ. ಶೇಕ್ದಾರರೇ ಬಂದಿದ್ದರು, ಜೊತೆಗೊಬ್ಬ ಪೊಲೀಸಿನವ, ಒಬ್ಬ ಗುಮಾಸ್ತ. ಎಲ್ಲರೂ ಚಪ್ಪಲಿ, ಬೂಟು ಬಿಟ್ಟು ಒಳಗೆ ಬಂದರು. ಗುಮಾಸ್ತ ಆರ್ಡರು ಓದಿದ. ಭಕ್ತಾದಿಗಳ ಭಾವನೆಗೆ ಧಕ್ಕೆಯಾಗದಂತೆ ಎಂಬ ಒಂದು ಸಾಲು ಅದರಲ್ಲಿತ್ತು. ಅದನ್ನು ಆತ ಎರಡು ಸಲ ಓದಿದ. ವರ್ಷಕ್ಕೊಮ್ಮೆ ಊರ ಹಬ್ಬದ ದಿನ ಬಂದೋಬಸ್ತಿನಲ್ಲಿ ತಂದು ಗುಡಿಯಲ್ಲಿ ಕೂರಿಸಿ, ಸಂಜೆಗೆ ವಾಪಸ್ಸು ಒಯ್ಯುವುದು ಎಂದೂ ಇತ್ತು. ಆಮೇಲೆ ತೂಕ ಮಾಡಬೇಕೆಂದರು. ತಕ್ಕಡಿ ತಂದಿರಲಿಲ್ಲ. ಬೀದಿ ಕೊನೆಯ ಅಂಗಡಿಯಿಂದ ತಂದರು, ಈರುಳ್ಳಿ ತೂಗುವುದು. ಅದರಲ್ಲಿ ಈರುಳ್ಳಿ ಸಿಪ್ಪೆ ಇನ್ನೂ ಅಂಟಿತ್ತು. ಶೇಕ್ದಾರರು ತಮ್ಮ ಕರ್ಚೀಫು ತೆಗೆದು ತಟ್ಟೆ ಒರೆಸಿ, ಮಡಿಸಿ ಹಾಸಿ, ಅದರ ಮೇಲೆ ಕೂರಿಸಿದರು. ದೊಡ್ಡಮ್ಮ ಒಂದು ಕಡೆ, ಕಬ್ಬಿಣದ ಬಟ್ಟುಗಳು ಇನ್ನೊಂದು ಕಡೆ. ತಕ್ಕಡಿ ಅಲ್ಲಾಡುವಾಗ ಅವಳು ಬೀಳುತ್ತಾಳೆಂದು ಅಜ್ಜಿ ಎರಡೂ ಕೈ ಚಾಚಿಕೊಂಡೇ ನಿಂತಿದ್ದಳು. ಮುಟ್ಟಬೇಡಿ ಅಮ್ಮ, ತೂಕ ತಪ್ಪುತ್ತೆ ಎಂದು ಗುಮಾಸ್ತ ಹೇಳಿದ. ಗದರಿ ಹೇಳಲಿಲ್ಲ.

ಪೆಟ್ಟಿಗೆಗೆ ಇಳಿಸುವಾಗ ಅಜ್ಜಿ ಕೇಳಿದಳು.

"ಅಲ್ಲಿ ಎಡೆ ಯಾರಿಡ್ತಾರೆ ಸ್ವಾಮಿ?"

ಶೇಕ್ದಾರರು ತಲೆ ತಗ್ಗಿಸಿದರು.

"ಅಲ್ಲಿ... ಭದ್ರವಾಗಿರ್ತಾರೆ ಅಮ್ಮ."

"ಅದಲ್ಲ ನಾ ಕೇಳಿದ್ದು. ಉಣ್ಣಾಕೆ?"

ಅರಗು ಕರಗಿಸಿ ಮೊಹರು ಒತ್ತಿದರು. ಜೀಪು ಹೋಯಿತು. ಅವತ್ತು ಯಾರಾದರೊಬ್ಬರು ಒರಟಾಗಿ ನಡೆದುಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈ ವಯಸ್ಸಿನಲ್ಲೂ ಅಂದುಕೊಳ್ಳುತ್ತೇನೆ. ಬೈಯಲು ಒಬ್ಬ ಸಿಗುತ್ತಿದ್ದ. ಗೌರವಕ್ಕೆ ಯಾರೂ ಕಡಿಮೆ ಮಾಡಲಿಲ್ಲ. ಊಟದ ವಿಚಾರ ಮಾತ್ರ ಯಾರ ಕೆಲಸಕ್ಕೂ ಸೇರಿರಲಿಲ್ಲ.

ಆ ಮಧ್ಯಾಹ್ನ ಅವ್ವ ತಟ್ಟೆಗೆ ಬಡಿಸಿದಳು. ಅಜ್ಜಿ ಏಳಲಿಲ್ಲ. ಅಪ್ಪ ಗುಡಿಗೆ ಹೋಗಿ ಕಲ್ಲಿನ ಅಮ್ಮನ ಮುಂದೆ ಎಡೆ ಇಟ್ಟು ತಂದ.

"ಅವ್ಳೂ ಅಮ್ಮನೇ ಅಲ್ವೇನವ್ವ? ಇಬ್ರೂ ಒಂದೇ."

"ಒಂದೇ ಕಣಪ್ಪ. ಮಾತು ಕೊಟ್ಟಿರೋದು ಇವ್ಳಿಗೆ."

"ದೇವ್ರು ಅಷ್ಟೆಲ್ಲ ಲೆಕ್ಕ ಇಡ್ತಾಳಾ?"

"ಅವ್ಳು ಇಡದಿದ್ರೆ ಬುಡು, ನಾನಿಡ್ತೀನಿ. ನಿನ್ನ ತಲೆ ಮೇಲೆ ಕೊಟ್ಟಿರೋ ಮಾತು ಕಣೋ ಚಿಕ್ಕಣ್ಣ. ಉಂಡ್ಬುಟ್ಟು ನಿನ್ನ ಮುಖ ಹೆಂಗೆ ನೋಡ್ಲಿ?"

ಅಪ್ಪ ಅವಳ ಕಾಲು ಹಿಡಿದುಕೊಂಡು ಅತ್ತ. ತನ್ನ ಪ್ರಾಣಕ್ಕಾಗಿ ಹೆತ್ತವಳು ಹಸಿದು ಕೂತಿರುವಾಗ ಮಗನಾದವನು ಏನು ಮಾಡಬೇಕು? ಅವನೂ ಊಟ ಬಿಟ್ಟು ನೋಡಿದ. ಅದಕ್ಕೆ ಅಜ್ಜಿ ಸಿಟ್ಟಾಗಿ ಬೈದಳು, ಉಳಿಸಿಕೊಂಡದ್ದು ಹೀಗೆ ಒಣಗಿಸುವುದಕ್ಕಾ ಎಂದು. ಅವನು ಉಂಡ. ಅವಳು ಹಾಲು, ಹಣ್ಣು, ನೆನೆಸಿದ ಕಡಲೆಬೀಜ.

ಆಮೇಲೆ ಒಂದು ದಿನ ಬೆಳಿಗ್ಗೆ ಅಜ್ಜಿ ಮಿಂದು, ಅವ್ವನಿಗೆ ಬೇಗ ಮುದ್ದೆ ಮಾಡಲು ಹೇಳಿ, ತಟ್ಟೆಯನ್ನು ಬಟ್ಟೆಯಲ್ಲಿ ಕಟ್ಟಿಸಿಕೊಂಡು ಮೈಸೂರು ರಸ್ತೆಗೆ ನಡೆದಳು. ಬೇಸಿಗೆ ರಜೆ, ನನ್ನನ್ನೂ ಕರೆದುಕೊಂಡಳು. ಸಿಟಿ ಬಸ್ಸಿನಲ್ಲಿ ಗಂಟು ಮಡಿಲಲ್ಲಿಟ್ಟುಕೊಂಡು, ಪಕ್ಕದವರು ತಾಗದಂತೆ ಮೊಣಕೈ ಅಡ್ಡ ಹಿಡಿದು ಕೂತಿದ್ದಳು. ತಾಲ್ಲೂಕು ಕಚೇರಿಯ ಉದ್ದ ವರಾಂಡದ ಕೊನೆಗೆ ಖಜಾನೆ; ಕಬ್ಬಿಣದ ಬಾಗಿಲು, ಮುಂದೆ ಬಂದೂಕು ಹಿಡಿದ ಕಾವಲುಗಾರ. ಆತ ಹತ್ತಿರ ಬರಬೇಡಿ ಎಂದ. ಯಾರೋ ಹೇಳಿದರೆಂದು ಶೇಕ್ದಾರರು ಓಡಿ ಬಂದರು. ಅಜ್ಜಿಯನ್ನೂ ಗಂಟನ್ನೂ ನೋಡಿ ಅವರ ಮುಖ ಚಿಕ್ಕದಾಯಿತು. ಕಾವಲಿನವನ ಕಿವಿಯಲ್ಲಿ ಏನೋ ಹೇಳಿದರು. ಆತ ಎರಡು ಹೆಜ್ಜೆ ಆಚೆ ಸರಿದು, ಬೀದಿಯ ಕಡೆ ಮುಖ ಮಾಡಿ ನಿಂತ. ಅಜ್ಜಿ ಕಬ್ಬಿಣದ ಬಾಗಿಲಿನ ಮುಂದೆ ಸೆರಗಿನಿಂದ ನೆಲ ಒರೆಸಿ ತಟ್ಟೆ ಇಟ್ಟಳು. ಗಂಟೆ ಇರಲಿಲ್ಲ, ಕೈಯ ಬೆಳ್ಳಿ ಬಳೆಗಳನ್ನು ಕುಲುಕಿದಳು. ಕಂಬಕ್ಕೆ ಒರಗಿ ಕಾದಳು. ಜನ ಬಂದು ಹೋಗಿ ಮಾಡುತ್ತಿದ್ದರು, ಒಳಗೆ ಟೈಪ್ ಮಾಡುವ ಸದ್ದು. ಆಮೇಲೆ ತಟ್ಟೆ ಎಳೆದುಕೊಂಡು ಸಾರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು.

"ಪುಟ್ಟಿ, ಇವತ್ತು ದೊಡ್ಡಮ್ಮ ನೀರು ಕೇಳ್ತಾಳೆ ಕಣೇ" ಎಂದು ನಕ್ಕಳು. ತಣ್ಣಗಾಗಿ ಕಲ್ಲಾಗಿದ್ದ ಮುದ್ದೆಯನ್ನು ಪೂರ್ತಿ ಉಂಡಳು.

ಇದು ದಿನದ ಪಾಡಾಯಿತು. ಕಚೇರಿಯ ಜನಕ್ಕೂ ಅಭ್ಯಾಸವಾಗಿ, ಅಜ್ಜಿ ಬಂದರೆ ಊಟದ ಹೊತ್ತಾಯಿತು ಎನ್ನುತ್ತಿದ್ದರಂತೆ. ಮೊದಲ ದಿನಗಳಲ್ಲಿ ನಾಚಿಕೆಯಿಂದ ಸಾಯುತ್ತಿದ್ದ ಅವ್ವ ಆಮೇಲೆ ಅಜ್ಜಿ ಹೊರಡುವ ಬಸ್ಸು ತಪ್ಪದಂತೆ ಮುಂಜಾನೆಯೇ ಒಲೆ ಹಚ್ಚತೊಡಗಿದಳು. ಭಾನುವಾರ ಕಚೇರಿಯಿಲ್ಲ. ಅವತ್ತು ಅಜ್ಜಿಗೆ ಹಾಲು ಹಣ್ಣು. ಸರ್ಕಾರಿ ರಜೆ ಬಂತೆಂದರೂ ಹಾಗೆಯೇ. ಹಾಗಾಗಿ ಗೌರಿ ಹಬ್ಬ, ಆಯುಧಪೂಜೆ, ದೀಪಾವಳಿ ಎಂದು ಊರಿಗೆಲ್ಲ ಹೋಳಿಗೆಯಾದ ದಿನಗಳಲ್ಲೇ ದೊಡ್ಡಮ್ಮನೂ ಉಪವಾಸ, ಅವಳ ಹಿಂದೆ ಅಜ್ಜಿಯೂ ಉಪವಾಸ. ಹಬ್ಬಕ್ಕೆ ರಜೆ ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದರು.

ಶೇಕ್ದಾರರಿಗೆ ವರ್ಗವಾಯಿತು. ಹೋಗುವ ಮುನ್ನ ನಾಯಂಡಹಳ್ಳಿಗೆ ಬಂದು ಗುಡಿಗೆ ಕೈ ಮುಗಿದು, ಬಾಗಿಲು ಮಂಜೂರಾಗಿದೆ ಎಂದು ಅಪ್ಪನಿಗೆ ಹೇಳಿದರು. ನಿಜಕ್ಕೂ ಬಾಗಿಲು ಬಂತು. ದಪ್ಪ ಕಬ್ಬಿಣದ ಸರಳಿನ ಬಾಗಿಲು, ಅದಕ್ಕೊಂದು ಗಜಗಾತ್ರದ ಬೀಗ. ಅಪ್ಪ ಅದರ ಮುಂದೆ ನಿಂತು ಒಂದು ಥರ ನಕ್ಕ. ಈಗ ಬಾಗಿಲಿದೆಯಲ್ಲ, ಅಮ್ಮನನ್ನು ಕಳಿಸಿಕೊಡಿ ಎಂದು ಕೇಳಲು ಹೋದರೆ ಪರಿಶೀಲನೆಯಲ್ಲಿದೆ ಎಂದರು. ಪರಿಶೀಲನೆ ಎಂಬ ಪದವನ್ನು ನಾನು ಕಲಿತದ್ದು ಹಾಗೆ. ಹೊಸದಾಗಿ ಬಂದ ಅಧಿಕಾರಿಯೂ ಕೆಟ್ಟವರಲ್ಲ. ಅಜ್ಜಿಯನ್ನು ಒಳಗೆ ಕರೆದು ಕುರ್ಚಿ ಹಾಕಿಸಿ ಹೇಳಿದರು.

"ಅಮ್ಮಾ, ನನ್ನನ್ನ ತಪ್ಪು ತಿಳ್ಕೋಬೇಡಿ. ಖಜಾನೆ ಬಾಗಿಲಲ್ಲಿ ಹೊರಗಿನವರು ಕೂರೋ ಹಾಗಿಲ್ಲ. ಮೇಲಿನವರು ನೋಡಿದ್ರೆ ಆ ಕಾವಲಿನವನ ಕೆಲಸ ಹೋಗುತ್ತೆ, ಅವನಿಗೂ ಮಕ್ಕಳಿದಾರೆ. ಗೇಟಿನ ಆಚೆ ಮರದ ಕೆಳಗೆ ಇಟ್ಕೊಳ್ಳಿ, ಯಾರೂ ಏನೂ ಅನ್ನಲ್ಲ."

ಅಜ್ಜಿ ಗೇಟಿನ ಆಚೆ ಹೋಗಿ ನೋಡಿದಳಂತೆ. ಅಲ್ಲಿಂದ ಕಬ್ಬಿಣದ ಬಾಗಿಲು ಕಾಣುವುದಿಲ್ಲ. ಸೈಕಲ್ಲು ನಿಲ್ಲಿಸುವ ಜಾಗ, ಅರ್ಜಿ ಬರೆಯುವವರ ಗದ್ದಲ. ಬಾಗಿಲೂ ಕಾಣದ ಕಡೆ ಬೀದಿಯಲ್ಲಿಟ್ಟದ್ದು ಎಡೆ ಹೇಗಾಗುತ್ತದೆ? ಗಂಟು ಬಿಚ್ಚದೆ ವಾಪಸ್ಸು ಬಂದಳು. ಕಾವಲಿನವನ ಮಕ್ಕಳ ಮಾತು ಬಂದಮೇಲೆ ಅವಳು ಮತ್ತೆ ಆ ಕಡೆ ಹೋಗಲಿಲ್ಲ. ಮುದ್ದೆ ಹಸುವಿಗೆ ಹೋಯಿತು.

ಹಾಲು ಹಣ್ಣಿನಲ್ಲಿ ಎಷ್ಟು ಕಾಲ ನಡೆಯುತ್ತದೆ? ಮೊದಲು ಹಾಲು ಸೇರದಾಯಿತು, ಆಮೇಲೆ ಹಣ್ಣು. ನಡುಮನೆಯಲ್ಲಿ ಕಂಬದ ಬುಡಕ್ಕೆ ಚಾಪೆ ಹಾಕಿ ಮಲಗಿಸಿದೆವು. ಕೈ ಹಿಡಿದರೆ ಬಳೆ ಮೊಣಕೈವರೆಗೂ ಜಾರುತ್ತಿತ್ತು. ಡಾಕ್ಟರು ಬಂದು ನೋಡಿ, ಕಾಯಿಲೆ ಏನೂ ಇಲ್ಲ, ಗಂಜಿ ಕುಡಿಸಿ ಎಂದರು. ಗಂಜಿ ಒಲೆಯ ಮೇಲೆ ಬೆಂದದ್ದು. ಅಜ್ಜಿ ತಲೆಯಾಡಿಸಿದಳು.

ಆ ಉಪಾಯ ಹೊಳೆದದ್ದು ಅವ್ವನಿಗೆ. ಅಪ್ಪ ಒಪ್ಪಲಿಲ್ಲ, ಅವ್ವನೇ ಜಗಳವಾಡಿ ಒಪ್ಪಿಸಿದಳು. ಬೆಳಿಗ್ಗೆ ಇಬ್ಬರೂ ಅಜ್ಜಿಯ ಪಕ್ಕ ಕೂತರು.

"ಅತ್ತೆ, ಗುಡಿಗೆ ಬಾಗಿಲು ಬಂತಲ್ಲ, ಆರ್ಡರ್ ಆಗೋಯ್ತು. ಗುಡಿಗೆ ಕೂರಿಸೋಕೆ ಮುಂಚೆ ದೊಡ್ಡಮ್ಮನ್ನ ನಿಮ್ಮ ಹತ್ರಕ್ಕೇ ಕರ್ಕೊಂಡು ಬಂದವ್ರೆ. ಒಳಗೆ ಕೂತವ್ಳೆ."

ಅಜ್ಜಿಯ ಕಣ್ಣು ಅಪ್ಪನ ಕಡೆ ತಿರುಗಿತು. ಅಪ್ಪ ಹೂಂ ಎಂದ. ಅವಳ ಮುಖ ಅರಳಿದ್ದನ್ನು ನೋಡಲಾಗದೆ ನಾನು ಹಿತ್ತಲಿಗೆ ಹೋಗಿ ಬಂದೆ. ಎದ್ದು ಒಳಗೆ ಹೋಗುವ ಶಕ್ತಿ ಅಜ್ಜಿಗೆ ಇರಲಿಲ್ಲ. ಮಲಗಿದಲ್ಲಿಂದಲೇ ಕೆಂಪು ತೆರೆಗೆ ಕೈ ಮುಗಿದಳು. ಅವ್ವ ಅವತ್ತು ಅಡುಗೆ ಮಾಡಿದ ಹಾಗೆ ಎಂದೂ ಮಾಡಿರಲಿಲ್ಲ. ಎಳೆ ದಂಟಿನ ಸೊಪ್ಪು ತಂದು ಬಿಡಿಸಿದಳು, ಕಾಯಿ ಹೆಚ್ಚು ಹಾಕಿ ರುಬ್ಬಿದಳು, ಮುದ್ದೆಯನ್ನು ಬೆಣ್ಣೆಯಂತೆ ತಿರುವಿದಳು. ಅಪ್ಪ ಖಾಲಿ ಮಣೆಯ ಮುಂದೆ ತಟ್ಟೆ ಇಟ್ಟು ಗಂಟೆ ಬಾರಿಸಿದ. ಹಸಿದವರು ಉಣ್ಣುವಷ್ಟು ಹೊತ್ತು ಎಲ್ಲರೂ ಕಾದೆವು. ಆಮೇಲೆ ಅವ್ವ ತಟ್ಟೆ ತಂದು, ಅಜ್ಜಿಯನ್ನು ಎತ್ತಿ ತನ್ನ ಎದೆಗೆ ಒರಗಿಸಿಕೊಂಡು ಕೂತಳು. ಅಜ್ಜಿ ಬೆರಳನ್ನು ಸಾರಿಗೆ ಅದ್ದಿ ನಾಲಿಗೆಗೆ ಮುಟ್ಟಿಸಿದಳು. ನಾವು ಅವಳ ಮುಖವನ್ನೇ ನೋಡುತ್ತಿದ್ದೆವು. ಬೆರಳು ಮತ್ತೊಂದು ಸಲ ಸಾರಿಗೆ ಹೋಗಿ ಬಂತು.

"ಉಪ್ಪು ಸರಿಯಾಗೈತೆ" ಎಂದಳು.

ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ. ಅವ್ವನ ಮುಖ ಬಿಳುಚಿತು. ದೊಡ್ಡಮ್ಮ ಹೋಗಿ, ಅಜ್ಜಿಗೆ ಕಟ್ಟಿಕೊಡುವುದೂ ನಿಂತಮೇಲೆ, ತಡೆಯುವವರಿಲ್ಲದೆ ಅವ್ವ ತವರಿನಲ್ಲಿ ಕಲಿತ ಹಾಗೆ ಅಂಗೈಗೆ ಬಿಟ್ಟುಕೊಂಡು ನೋಡತೊಡಗಿದ್ದಳು. ಅವತ್ತು, ಅತ್ತೆ ತಿನ್ನುವ ಊಟ ಚೆನ್ನಾಗಿರಲೆಂದು, ಮತ್ತೆ ಮತ್ತೆ ನೋಡಿ ಉಪ್ಪು ಹಾಕಿದ್ದಳು. ರುಚಿ ನೋಡಿದ ಅಡುಗೆಯನ್ನು ದೊಡ್ಡಮ್ಮನಿಗೆ ಇಡುವ ಸೊಸೆ ಅವಳಲ್ಲ ಎಂಬುದು ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ಜಗಳವಾಡಿದರೂ ಆ ಒಂದು ತಪ್ಪನ್ನು ಅವ್ವ ಅಷ್ಟು ವರ್ಷಗಳಲ್ಲಿ ಒಂದು ದಿನವೂ ಮಾಡಿರಲಿಲ್ಲ. ಅಂದರೆ ತೆರೆಯ ಹಿಂದೆ ಯಾರೂ ಇಲ್ಲ.

ಅಜ್ಜಿ ಬೈಯಲಿಲ್ಲ. ಅವ್ವನ ಕೈಯನ್ನು ಹುಡುಕಿ ಹಿಡಿದುಕೊಂಡಳು.

"ಚೆನ್ನಾಗಿ ಮಾಡಿದ್ದೀಯ ಕಣವ್ವ ಜಯಾ. ಇಷ್ಟು ಚೆಂದಾಗಿ ಮಾಡಾಕ್ಬತ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಮಕ್ಕಳಿಗೆ ಹಾಕು."

ತಟ್ಟೆಯನ್ನು ಬೆರಳ ತುದಿಯಿಂದ ಸ್ವಲ್ಪ ಆಚೆ ಸರಿಸಿದಳು. ಆಮೇಲೆ ಏನೂ ತೆಗೆದುಕೊಳ್ಳಲಿಲ್ಲ. ಊರ ಹಬ್ಬದ ದಿನ ಗೊತ್ತುಮಾಡಿ ಡಂಗುರ ಹೊಡೆಯುವುದಕ್ಕೆ ಮೊದಲೇ ಹೋಗಿಬಿಟ್ಟಳು. ಹೋಗುವಾಗ ಅಪ್ಪನ ಮುಖದ ಕಲೆಗಳ ಮೇಲೆ ಕೈಯಾಡಿಸುತ್ತಿದ್ದಳು. ಅಪ್ಪ ನನ್ನ ಮದುವೆ ನೋಡಿದ, ಮೊಮ್ಮಕ್ಕಳನ್ನು ಎತ್ತಿದ, ತುಂಬು ವಯಸ್ಸಿನಲ್ಲಿ ಸತ್ತ. ಅಷ್ಟು ವರ್ಷವೂ ಹುಟ್ಟಿದ್ದಕ್ಕೆ ಕ್ಷಮೆ ಕೇಳುವವನಂತೆ ತಲೆ ತಗ್ಗಿಸಿಕೊಂಡೇ ಊಟ ಮಾಡುತ್ತಿದ್ದ.

ಹಬ್ಬದ ದಿನ ಜೀಪಿನಲ್ಲಿ ದೊಡ್ಡಮ್ಮ ಬಂದಳು. ನಮ್ಮ ಮನೆಯ ಮುಂದೆಯೇ ಹಾದು ಗುಡಿಗೆ ಹೋದಳು. ಮೊಹರು ಒಡೆದು ತೆಗೆದಾಗ ಮುಖ ಕಪ್ಪಿಟ್ಟಿತ್ತು, ಕೊರಳಲ್ಲಿ ದಾರದಿಂದ ಕಟ್ಟಿದ ಒಂದು ಚೀಟಿ. ಸರ್ಕಾರದ ಗುಡಿಗೆ ಎಲ್ಲರೂ ಬರಬಹುದು ಎಂದು ಅಧಿಕಾರಿ ನಿಂತು ಹೇಳಿದ್ದರಿಂದ ಆಚೆಕೇರಿಯವರೂ ಬಂದರು. ಮುನಿಯಮ್ಮ ಮೊದಲ ಸಲ ಅವಳ ಎದುರು ನಿಂತು, ಕಣ್ತುಂಬ ನೋಡಿ, ತಾನು ತಂದಿದ್ದ ತಂಬಿಟ್ಟು ಇಟ್ಟಳು. ಅದು ಆಗಬೇಕಾದದ್ದೇ. ಅಜ್ಜಿ ಬದುಕಿದ್ದರೆ ಅದಕ್ಕೆ ಏನನ್ನುತ್ತಿದ್ದಳೋ, ಒಳ್ಳೆಯ ಮಾತೇ ಆಡುತ್ತಿದ್ದಳೆಂದು ನಾನು ಆಣೆ ಮಾಡಲಾರೆ. ಮುನಿಯಮ್ಮ ಹೊರಗೆ ಬಂದು ಅವ್ವನ ಕೈ ಹಿಡಿದು, ಅಜ್ಜೀರು ಇರಬೇಕಾಗಿತ್ತು ಎಂದು ಕಣ್ಣೊರೆಸಿಕೊಂಡಳು.

ಅವ್ವ ಮುಂಜಾನೆಯೇ ಮಿಂದು ಅಡುಗೆ ಮಾಡಿದ್ದಳು. ನಾನು ಒಲೆಯ ಪಕ್ಕದಲ್ಲೇ ಕೂತಿದ್ದೆ. ಕಲ್ಲುಪ್ಪನ್ನು ಹಿಡಿಯಲ್ಲಿ ತೆಗೆದ ಅವಳು ಅಂಗೈಗೆ ಸಾರು ಬಿಟ್ಟುಕೊಳ್ಳಲಿಲ್ಲ. ಹಳೆಯ ಕಾಲದ ಹಾಗೆ ಕಣ್ಣು ಮುಚ್ಚಿ ಹಾಕಿದಳು. ಕಂಚಿನ ತಟ್ಟೆಯನ್ನು ಗುಡಿಗೆ ಒಯ್ದು ದೊಡ್ಡಮ್ಮನ ಮುಂದಿಟ್ಟು, ಹೊರಗೆ ಬಂದು ಕಂಬಕ್ಕೆ ಒರಗಿ ಕಾದಳು. ಪೊಲೀಸಿನವರು ಹೊತ್ತಾಯಿತು ಎಂದರೂ ಅವಸರ ಮಾಡಲಿಲ್ಲ. ತಟ್ಟೆ ಮನೆಗೆ ತಂದು ನಡುಮನೆಯಲ್ಲಿ ಅಜ್ಜಿ ಕೂರುತ್ತಿದ್ದ ಜಾಗದಲ್ಲಿ ಇಟ್ಟಳು. ಅದನ್ನು ಉಣ್ಣುವವರು ಯಾರೆಂದು ನಾವು ಮುಖಮುಖ ನೋಡಿಕೊಂಡೆವು. ಅವ್ವನೇ ಕೂತಳು. ಬೆರಳನ್ನು ಸಾರಿಗೆ ಅದ್ದಿ ನಾಲಿಗೆಗೆ ಮುಟ್ಟಿಸಿದಳು.

"ಎಷ್ಟೊಂದು ಉಪ್ಪಾಗೋಗೈತೆ" ಎಂದಳು.

ನೀರನ್ನೂ ಕೇಳದೆ, ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡಳು.